ಕೆಲಸಗಾರನ ಮಾತಿಗೆ ಬೆಲೆಯೆಲ್ಲಿ?

ಕಾರ್ಖಾನೆ ಕಚೇರಿಗಳಲ್ಲಿ ಜನರನ್ನು ನೇಮಿಸಿ, ನಡೆಸಿಕೊಂಡು, ಬಿಡಿಸುವ ಕ್ರಮಕ್ಕೆ ‘ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಭಾರವಾದ ಹೆಸರು ಬಂದಿದೆ. ಮನುಷ್ಯನನ್ನು ಕಬ್ಬಿಣ ಕಲ್ಲಿದ್ದಲುಗಳ ಸಾಲಿನಲ್ಲಿರಿಸುವ ಈ ಹೆಸರು ನಮಗೆ ರುಚಿಸದು, ಅದು ಹಾಗಿರಲಿ. ಒಂದು ದೇಶದ ಕ್ರಮವೆಂತಹುದೆಂದು ತಿಳಿಯಲು, ಕೆಲಸಗಾರನನ್ನು ವಜಾ ಮಾಡುವ ದಿನ ಅಲ್ಲಿ ನಡೆಯುವುದೇನೆಂದು ನೋಡಿದರೆ ಸಾಕು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, ಮೊಂಟಾನಾ ಒಂದನ್ನುಳಿದು, ಬೇರೆ ಕರಾರಿಲ್ಲದಿದ್ದರೆ ಧಣಿಯು ಕಾರಣ ಹೇಳದೆಯೇ ಬಿಡಿಸಬಹುದು. ವರ್ಣ, ಮತ, ಲಿಂಗಭೇದಗಳಿಂದ ಬಿಡಿಸಕೂಡದೆಂದು 1964ರ ಕಾನೂನು ತಡೆದಿದೆ, ನಿಜ. ಜಪಾನಿನ ದೊಡ್ಡ ಸಂಸ್ಥೆಗಳಲ್ಲಿ ತರುಣರನ್ನು ಏಪ್ರಿಲ್ ತಿಂಗಳಲ್ಲಿ ಒಟ್ಟಾಗಿ ಸೇರಿಸಿಕೊಂಡು ನಿವೃತ್ತಿಯವರೆಗೂ ಇರಿಸಿಕೊಳ್ಳುವ ವಾಡಿಕೆಯುಂಟು. ಈಚೆಗೆ ಅದು ಸಡಿಲವಾಗುತ್ತಿದೆ. ಈ ಅಭಯವು ಕಾಯಂ ನೌಕರರಿಗೆ ಮಾತ್ರ. ಅಲ್ಲಿಯ ದುಡಿಯುವವರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕವರು ಹಂಗಾಮಿಗಳು. ಅವರಲ್ಲಿ ಹೆಚ್ಚಿನವರು ಸ್ತ್ರೀಯರು.

ಜರ್ಮನಿಯವರು ಈ ವಿಷಯವನ್ನು ಧಣಿಯ ಮರ್ಜಿಗೂ ಬಿಡಲಿಲ್ಲ, ವಾಡಿಕೆಗೂ ಬಿಡಲಿಲ್ಲ. ಐವರು ಕಾಯಂ ಕೆಲಸಗಾರರಿರುವಲ್ಲಿಯೂ ತಮ್ಮದೊಂದು ಸಮಿತಿಯನ್ನು ಚುನಾಯಿಸಿಕೊಳ್ಳುವ ಹಕ್ಕು ಅವರಿಗುಂಟು. ಸಮಿತಿಯಿರುವಲ್ಲಿ ಅದರ ಮಾತನ್ನು ಕೇಳದೆ ಮಾಡಿದ ವಜಾ ಆಜ್ಞೆಯು ಅಸಿಂಧು. 1976ರ ಕಾನೂನಿನಂತೆ, 2000ಕ್ಕೆ ಮೀರಿ ನೌಕರರಿರುವ ಕಂಪೆನಿಗಳ ಮೇಲ್ವಿಚಾರಣಾ ಮಂಡಲಿಯಲ್ಲಿ ಅರ್ಧ ಸ್ಥಾನಗಳು ಕೆಲಸಗಾರರವು. ಮತ ಸರಿಸಮವಾದರೆ ಅಧ್ಯಕ್ಷನಿಗೆ ಎರಡನೆಯ ಮತವುಂಟು, ಆತನು ಸಾಮಾನ್ಯವಾಗಿ ಷೇರುದಾರರ ಕಡೆಯವನು. ಆದುದರಿಂದ ಧಣಿಗಳು ಮನೆ ಕಳೆದುಕೊಂಡರೆಂದು ಯಾರೂ ಮರುಗಬೇಕಾದುದಿಲ್ಲ.

ನಮ್ಮಲ್ಲಿ ಅದೇ 1976ರಲ್ಲಿ ಸಂವಿಧಾನಕ್ಕೆ 43ಎ ವಿಧಿಯನ್ನು ಸೇರಿಸಿ, ಕಾರ್ಖಾನೆಯ ಆಡಳಿತದಲ್ಲಿ ಕೆಲಸಗಾರರಿಗೆ ಪಾಲು ದೊರಕಿಸಬೇಕೆಂದು ಬರೆಯಲಾಯಿತು. ಆದರೆ ಅದು ನಿರ್ದೇಶಕ ತತ್ವ. ನ್ಯಾಯಾಲಯದಲ್ಲಿ ಹಕ್ಕೆಂದು ಕೇಳುವಂತಿಲ್ಲ. 1990ರಲ್ಲಿ ರಾಜ್ಯಸಭೆಗೆ ಬಂದ ಮಸೂದೆಯು ಕಾನೂನಾಗಲಿಲ್ಲ. 2020ರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಹೊಸದಾಗಿ ಬರೆದಾಗಲೂ ಖಾಸಗಿ ಕಂಪೆನಿಗಳ ಮಂಡಲಿಗಳಲ್ಲಿ ಕೆಲಸಗಾರನಿಗೆ ಸ್ಥಾನ ವಿಧಿಸಲಿಲ್ಲ. 100 ಕೆಲಸಗಾರರಿರುವಲ್ಲಿ ಜಂಟಿ ಸಮಿತಿಯೆಂಬ 1947ರ ಏರ್ಪಾಡೇ ಮುಂದುವರಿಯಿತು. ಅದು ಸೌಹಾರ್ದದ ಮಾತುಕತೆಗೆ ಸರಿ. ತೀರ್ಮಾನದ ಬಲ ಅದಕ್ಕಿಲ್ಲ.

ಬೆಂಗಳೂರಿನ ಆಸುಪಾಸಿನಲ್ಲಿ ಜರ್ಮನ್ ಸಂಸ್ಥೆಗಳು ಕಾರ್ಖಾನೆಗಳನ್ನು ನಡೆಸುತ್ತಿವೆ. ಅಂತಹ ಸಂಸ್ಥೆಯ ಜರ್ಮನ್ ಫಿಟ್ಟರನಿಗೆ ಮಂಡಲಿಯಲ್ಲಿ ತನ್ನವರುಂಟು. ಇಲ್ಲಿಯ ಫಿಟ್ಟರನಿಗೆ ವಿಚಾರಣೆ, ನೋಟೀಸು, ಪರಿಹಾರಗಳಷ್ಟೇ ಉಂಟು. ಧಣಿ ಒಬ್ಬನೇ, ಕಾನೂನು ಮಾತ್ರ ಬೇರೆ. 1990ರ ಮಸೂದೆಯನ್ನು ಮತ್ತೆ ಕೈಗೆತ್ತಿಕೊಳ್ಳಲು ಅಡ್ಡಿಯೇನೆಂದು ನಮ್ಮ ಸಂಸತ್ ಸದಸ್ಯರು ತಿಳಿಸಬೇಕೆಂದು ಕೇಳುತ್ತೇವೆ.