ನಿಂತ ವಾಹನಕ್ಕೂ ಲೆಕ್ಕವಿದೆ: ಕಬ್ಬಿನ ಹಂಗಾಮಿನ ನಂತರ ಟ್ರ್ಯಾಕ್ಟರ್, ಲಾರಿಗಳ ಸಂರಕ್ಷಣೆ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ವಹಿವಾಟು ಬಹುಮಟ್ಟಿಗೆ ಕಬ್ಬಿನ ಹಂಗಾಮನ್ನು ಅವಲಂಬಿಸಿದೆ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಭಾಗದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳೇ ಮೊದಲಾಗಿ ಈ ಭಾಗದ ಕಾರ್ಖಾನೆಗಳು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಕಬ್ಬು ನುರಿಸಲು ಆರಂಭಿಸಿ ಬೇಸಿಗೆಯ ಹೊತ್ತಿಗೆ ಮುಗಿಸುತ್ತವೆ. ಆನಂತರ ಕಬ್ಬು ಸಾಗಿಸಿದ ಅನೇಕ ಟ್ರ್ಯಾಕ್ಟರ್, ಟ್ರೇಲರ್ ಮತ್ತು ಲಾರಿಗಳು ಮಳೆಗಾಲವಿಡೀ ಅಂಗಳದಲ್ಲಿ ನಿಲ್ಲುತ್ತವೆ. ಹಿಮ ಬೀಳುವ ದೇಶಗಳಲ್ಲಿ ಪ್ರವಾಸಿ ವಾಹನಗಳನ್ನು ಚಳಿಗಾಲಕ್ಕೆ ಮುನ್ನ ವಿಧಿವತ್ತಾಗಿ ಸಿದ್ಧಪಡಿಸಿ ನಿಲ್ಲಿಸುವ ಪದ್ಧತಿಯಿದೆ. ಅಲ್ಲಿ ಶತ್ರು ಹಿಮ; ಇಲ್ಲಿ ತೇವ, ತುಕ್ಕು ಮತ್ತು ಇಲಿ.

ನಿಂತ ವಾಹನ ಖರ್ಚು ತರುವುದಿಲ್ಲವೆಂಬ ಭಾವನೆ ತಪ್ಪು. ಉದಾಹರಣೆಗೆ, ತಿಂಗಳ ಸಾಲದ ಕಂತು 18,000 ರೂಪಾಯಿ ಎಂದು ಭಾವಿಸೋಣ. ವರ್ಷಕ್ಕೆ 2,16,000 ರೂಪಾಯಿ ಆಯಿತು. ದುಡಿಮೆಯ ದಿನಗಳು 150 ಮಾತ್ರವಾದರೆ, ಪ್ರತಿ ದಿನವೂ ಕಂತಿಗಾಗಿಯೇ 1,440 ರೂಪಾಯಿ ಗಳಿಸಬೇಕು. ಹಂಗಾಮಿನ ಆರಂಭದಲ್ಲಿ ಎಂಜಿನ್ ಚಾಲೂ ಆಗದೆ ಐದು ದಿನ ಕಳೆದರೆ ಕಂತಿನ ಬಾಬ್ತೊಂದರಲ್ಲೇ 7,200 ರೂಪಾಯಿ ಕೊರತೆ. ಕಟಾವು ಟೋಳಿಗೆ ಕೊಟ್ಟ ಮುಂಗಡ ಹಾಗೂ ದುರಸ್ತಿಯ ಬಿಲ್ಲು ಬೇರೆ. ಆದ್ದರಿಂದ ಸಂರಕ್ಷಣೆಯ ವೆಚ್ಚವನ್ನು ಹಂಗಾಮಿನ ಗಳಿಕೆಯಿಂದಲೇ ತೆಗೆದಿರಿಸುವುದು ಲೇಸು.

ಸ್ಥಳದ ಆಯ್ಕೆ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರಕ್ಕೆ ನೀರು ನುಗ್ಗಿತ್ತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ ಬಂದಿತು. ನದಿ, ಹಳ್ಳಗಳ ಸಮೀಪದ ಅಂಗಳದಲ್ಲಿ ಹಿಂದಿನ ನೀರಿನ ಗುರುತಿಗಿಂತ ಎತ್ತರದ ಜಾಗವನ್ನೇ ಆರಿಸಬೇಕು. ನೀರು ಹೊಕ್ಕ ಎಂಜಿನ್ನನ್ನು ಪರೀಕ್ಷಿಸದೆ ಚಾಲೂ ಮಾಡಬಾರದು. ಹಾಗೆ ಮಾಡಿದರೆ ಹಾನಿ ಇಮ್ಮಡಿಸುವುದಲ್ಲದೆ ವಿಮೆಯ ಪರಿಹಾರಕ್ಕೂ ತಕರಾರು ಬರಬಹುದು. ತಾಡಪತ್ರಿ ಹೊದಿಸುವಾಗ ಗಾಳಿಯಾಡಲು ಎಡೆ ಬಿಡಬೇಕು. ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದಿಟ್ಟು ತುಕ್ಕನ್ನು ಹೆಚ್ಚಿಸುತ್ತದೆ.

ಯಂತ್ರಭಾಗಗಳ ರಕ್ಷಣೆ

ಮೊದಲ ಕೆಲಸ ತೊಳೆಯುವುದು. ಕಬ್ಬಿನ ರಸ ಹುಳಿತು ಲೋಹವನ್ನು ತಿನ್ನುತ್ತದೆ. ಸಿಹಿಗೆ ಇಲಿ, ಇರುವೆಗಳು ಬರುತ್ತವೆ. ಟ್ರೇಲರಿನ ತಳ, ಕೊಂಡಿ ಮತ್ತು ಚಕ್ರಗಳನ್ನು ತೊಳೆದು, ಪೂರ್ತಿ ಒಣಗಿಸಿ, ಬಣ್ಣ ಹೋದಲ್ಲಿ ರೆಡ್ ಆಕ್ಸೈಡ್ ಬಳಿದು, ಕೀಲುಗಳಿಗೆ ಗ್ರೀಸ್ ಹಾಕಬೇಕು.

ಎಂಜಿನ್ ಆಯಿಲ್ಲನ್ನು ನಿಲ್ಲಿಸುವ ಮೊದಲೇ ಬದಲಿಸಬೇಕು. ಬಳಸಿದ ಎಣ್ಣೆಯಲ್ಲಿನ ಆಮ್ಲಾಂಶ ತಿಂಗಳುಗಟ್ಟಲೆ ಲೋಹಕ್ಕೆ ತಗುಲಿರುವುದು ಒಳ್ಳೆಯದಲ್ಲ. ಡೀಸೆಲ್ ಟ್ಯಾಂಕ್ ತುಂಬಿರಲಿ. ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಯ ತೇವ ನೀರಾಗಿ ಡೀಸೆಲ್ಲಿಗೆ ಸೇರುತ್ತದೆ. ರೇಡಿಯೇಟರಿನಲ್ಲಿ ಬರಿಯ ನೀರಿನ ಬದಲು ಕೂಲಂಟ್ ಇದ್ದರೆ ತುಕ್ಕು ತಡೆಯುತ್ತದೆ.

ಬ್ಯಾಟರಿಯ ತಂತಿಗಳನ್ನು ಬಿಚ್ಚಿ ಒಣಗಿದ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ದಿಮ್ಮಿಗಳ ಆಧಾರ ಕೊಟ್ಟು ಟಯರುಗಳ ಮೇಲಿನ ಭಾರ ಇಳಿಸಬೇಕು. ಅದು ಆಗದಿದ್ದರೆ ಗಾಳಿ ತುಂಬಿ ತಿಂಗಳಿಗೊಮ್ಮೆ ವಾಹನವನ್ನು ಸ್ವಲ್ಪ ಸರಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಅಂಟಿಕೊಳ್ಳುವ ಸಂಭವವಿದೆ. ಗಾಲಿಗಳಿಗೆ ಅಡ್ಡಗಲ್ಲು ಕೊಡುವುದು ಮೇಲು. ಟ್ರ್ಯಾಕ್ಟರಿನ ಕ್ಲಚ್ ಪೆಡಲನ್ನು ಒತ್ತಿ ಕಟ್ಟಿಗೆಯ ತುಂಡಿನಿಂದ ತಡೆದಿಟ್ಟರೆ ಪ್ಲೇಟು ಅಂಟುವುದಿಲ್ಲ. ಸೈಲೆನ್ಸರಿನ ಬಾಯಿಯನ್ನು ಮುಚ್ಚಿದಾಗ ಅದರ ಸೂಚನೆಯ ಚೀಟಿಯನ್ನು ಸ್ಟೀರಿಂಗಿಗೆ ಕಟ್ಟುವುದನ್ನು ಮರೆಯಬಾರದು.

ಕಾಗದಪತ್ರಗಳು

ವಾಹನ ನಿಂತಿದೆಯೆಂದು ವಿಮೆಯನ್ನು ಕೈಬಿಡುವುದು ದುಬಾರಿಯಾದ ಉಳಿತಾಯ. ಬೆಂಕಿ, ಕಳವು, ಪ್ರವಾಹ ಇವು ನಿಂತ ವಾಹನಕ್ಕೂ ತಪ್ಪಿದ್ದಲ್ಲ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಕ್ಲೇಮು ಮಾಡದ ವರ್ಷಗಳಿಗೆ ದೊರೆಯುವ ರಿಯಾಯಿತಿಯೂ ಕೈತಪ್ಪುತ್ತದೆ. ಮೂರನೆಯ ವ್ಯಕ್ತಿಯ ವಿಮೆ ಇಲ್ಲದೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತೆಯೇ ಇಲ್ಲ.

ತ್ರೈಮಾಸಿಕ ತೆರಿಗೆ ತೆರುವ ಲಾರಿಗಳ ಮಾಲೀಕರು, ವಾಹನವನ್ನು ಬಳಸುವುದಿಲ್ಲವೆಂಬ ಸೂಚನೆಯನ್ನು ಸಾರಿಗೆ ಕಚೇರಿಗೆ ಮುಂಚಿತವಾಗಿಯೇ ಸಲ್ಲಿಸಬೇಕು. ಹಾಗೆ ತಿಳಿಸಿದ ಮೇಲೆ ವಾಹನ ನಮೂದಿಸಿದ ಸ್ಥಳದಲ್ಲೇ ಇರಬೇಕು. ಸೂಚನೆ ಕೊಡದೆ ಸುಮ್ಮನೆ ನಿಲ್ಲಿಸಿದರೆ ತೆರಿಗೆಯ ಬಾಕಿ ಬೆಳೆಯುತ್ತದೆ.

ಆದಾಯ ತೆರಿಗೆಯ ದೃಷ್ಟಿ

ಬಾಡಿಗೆಗೆ ಓಡಿಸುವ ಲಾರಿಗೆ ಶೇ. 30ರಷ್ಟು ಸವಕಳಿ ದೊರೆಯುತ್ತದೆ. ಆದರೆ ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಹಂಗಾಮಿಗೆಂದು ನವೆಂಬರ್‌ನಲ್ಲಿ ಕೊಂಡ ವಾಹನಕ್ಕೆ ಮಾರ್ಚ್ 31ರೊಳಗೆ ಅಷ್ಟು ದಿನಗಳು ಸಿಗುವುದಿಲ್ಲವೆಂಬುದನ್ನು ಖರೀದಿಗೆ ಮೊದಲೇ ಗಮನಿಸಬೇಕು.

ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡಾಗ, 12 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ವಾಹನಕ್ಕೆ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಇತರ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಗಣಿಸಲಾಗುತ್ತದೆ. ಈ ಲೆಕ್ಕ ವಾಹನ ಓಡಿದ ತಿಂಗಳಿಗಲ್ಲ, ಒಡೆತನದಲ್ಲಿದ್ದ ಪ್ರತಿ ತಿಂಗಳಿಗೆ. ನಿಂತ ತಿಂಗಳಿಗೂ ಆದಾಯ ತೋರಿಸಬೇಕಾಗುವುದರಿಂದ, ಯಾವ ಪದ್ಧತಿ ಲಾಭಕರವೆಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ನೈಜ ಲೆಕ್ಕದ ಪದ್ಧತಿಯಲ್ಲಿರುವವರು ದುರಸ್ತಿ, ಬಿಡಿಭಾಗಗಳಿಗಾಗಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ.

ಹಂಗಾಮಿನ ಆರಂಭದ ದಿನ ವಾಹನ ಮಾಲೀಕರ ಕೈಯಲ್ಲಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ನಡೆದ ರೈತರ ಹೋರಾಟದ ದಿನಗಳು ಇದನ್ನು ಎಲ್ಲರಿಗೂ ಮನಗಾಣಿಸಿವೆ. ಕಾರ್ಖಾನೆ ಕರೆದ ದಿನವೇ ಹೊರಡಲು ವಾಹನ ಸಿದ್ಧವಿರುವುದು ಮಾತ್ರ ಮಾಲೀಕರ ಕೈಯಲ್ಲಿದೆ. ಆದ್ದರಿಂದ ಹಂಗಾಮಿನ ಕೊನೆಯ ಬಿಲ್ಲಿನ ಹಣ ಬಂದ ವಾರದಲ್ಲೇ ಆಯಿಲ್, ಗ್ರೀಸ್, ಬಣ್ಣ ಮತ್ತು ವಿಮೆಯ ಬಾಬ್ತನ್ನು ಬೇರೆ ತೆಗೆದಿಟ್ಟು, ಮೊದಲ ಮಳೆಗೆ ಮುನ್ನ ಈ ಕೆಲಸಗಳನ್ನು ಮುಗಿಸುವುದು ಉಚಿತ.