ಸರ್ವರ್ ಸುಮ್ಮಸುಮ್ಮನೆ ಕೆಟ್ಟರೆ ರೂಮಿನ ಗಾಳಿಯನ್ನೂ ಅನುಮಾನಿಸಿ

ವೀಡಿಯೋ ನೋಡೋಕೆ ಟೈಮ್ ಇಲ್ಲ, ಡೊಂಬಿವ್ಲಿ ಲೋಕಲ್‌ನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗೆ ಇದು ಬರಹದ ರೂಪ.

ಮಹಾಪೆಯಲ್ಲಿ ನಾನು ಹಿಂದೆ ಇದ್ದ ಕಂಪನಿಯ ಸಣ್ಣ ಸರ್ವರ್ ರೂಮ್. ಒಂದು ಡೇಟಾಬೇಸ್ ಸರ್ವರ್ ವಾರಕ್ಕೊಮ್ಮೆ ತಾನಾಗೇ ರೀಬೂಟ್ ಆಗ್ತಿತ್ತು. ಲಾಗ್ ತುಂಬ ಇಸಿಸಿ ಎರರ್. ಕೆಲವು ಸಲ ಒಂದು ಮೆಮೊರಿ ಸ್ಲಾಟ್ ಖಾಲಿ ಅಂತಲೇ ತೋರಿಸ್ತಿತ್ತು. ರ‍್ಯಾಮ್ ಕಿತ್ತು ಮತ್ತೆ ಕೂರಿಸಿದರೆ ಎರಡು ವಾರ ಸರಿ, ಆಮೇಲೆ ಅದೇ ಕಥೆ. ಇದು ಶುರುವಾಗುವ ಮುಂಚಿನ ವಾರ ನಮ್ಮ ಟೀಮಿನ ಹೊಸ ಹುಡುಗ ಕರ್ನಲ್ ಅಪ್‌ಡೇಟ್ ಮಾಡಿದ್ದ. ಎಲ್ಲರೂ ಅವನ ಮೇಲೇ ಹಾಕಿದರು. ಅವನ ಅಪ್ರೈಸಲ್‌ನಲ್ಲಿ ಅದನ್ನು ಬರೆದವನು ನಾನೇ.

ಕರ್ನಲ್ ಹಳೇದಕ್ಕೆ ತಂದ್ವಿ, ಹೋಗಲಿಲ್ಲ. ಪವರ್ ಸಪ್ಲೈ, ರ‍್ಯಾಮ್, ಕೊನೆಗೆ ಮದರ್‌ಬೋರ್ಡೂ ಬದಲಾಯಿಸಿದ್ವಿ. ಕೆಲವೇ ತಿಂಗಳಲ್ಲಿ ಹೊಸ ರ‍್ಯಾಮಿಗೂ ಅದೇ ರೋಗ. ಆಗಲಾದರೂ ಹೊಳೀಬೇಕಿತ್ತು, ತೊಂದರೆ ಭಾಗದ್ದಲ್ಲ, ಜಾಗದ್ದು ಅಂತ.

ಹೊಳೆದದ್ದು ಮನೆಯಲ್ಲಿ. ದೇವರ ಮನೆಯ ಬೆಳ್ಳಿ ದೀಪ ಊರಲ್ಲಿ ಹಬ್ಬಕ್ಕೊಮ್ಮೆ ತಿಕ್ಕಿದರೆ ಸಾಕಿತ್ತು, ಇಲ್ಲಿ ತಿಂಗಳಿಗೇ ಕಪ್ಪಾಗುತ್ತೆ. ಮರುದಿನ ಕೆಟ್ಟ ರ‍್ಯಾಮನ್ನು ಭೂತಗನ್ನಡಿಯಲ್ಲಿ ನೋಡಿದೆ. ಪುಟಾಣಿ ರೆಸಿಸ್ಟರ್‌ಗಳ ತುದಿಯಲ್ಲಿ ಅದೇ ಕಪ್ಪು.

ಆ ರೆಸಿಸ್ಟರ್‌ಗಳ ಒಳಗೆ ಬೆಳ್ಳಿಯ ತೆಳು ಪದರ ಇರುತ್ತೆ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಸಂದಿಯಿಂದ ನುಗ್ಗಿ ಅದನ್ನು ಸಿಲ್ವರ್ ಸಲ್ಫೈಡ್ ಮಾಡುತ್ತೆ. ರೆಸಿಸ್ಟೆನ್ಸ್ ಏರುತ್ತಾ ಏರುತ್ತಾ ಕೊನೆಗೆ ಕನೆಕ್ಷನ್ನೇ ಕಡಿಯುತ್ತೆ. ತಾಮ್ರದ್ದು ಉಲ್ಟಾ: ಕಾಪರ್ ಸಲ್ಫೈಡ್ ಬೋರ್ಡಿನ ಮೇಲೆ ಹರಡಿ ಪಕ್ಕದ ಗೆರೆ ಮುಟ್ಟಿದರೆ ಶಾರ್ಟ್. 2006ರಲ್ಲಿ ಯುರೋಪಿನ ರೋಹ್ಸ್ ನಿಯಮ ಜಾರಿಗೆ ಬಂದು ಬೋರ್ಡ್‌ಗಳಲ್ಲಿ ಸೀಸ ಕಡಿಮೆಯಾದ ಮೇಲೆ ಈ ಕಾಟ ಹೆಚ್ಚಾಯ್ತು. 2011ರಲ್ಲಿ ಆಶ್ರೇ ಸಂಸ್ಥೆ ಡೇಟಾ ಸೆಂಟರ್‌ಗಳಿಗೆಂದೇ ಇದರ ಬಗ್ಗೆ ಮಾರ್ಗಸೂಚಿ ತಂದಿತು.

ಗಂಧಕ ಎಲ್ಲಿಂದ ಅಂತ ನಮ್ಮ ಕಡೆಯವರು ಕೇಳಬೇಕಾ! ಒಂದು ಕಡೆ ಠಾಣೆ-ಬೇಲಾಪುರ ರಸ್ತೆಯ ಕೆಮಿಕಲ್ ಕಾರ್ಖಾನೆಗಳು, ಇನ್ನೊಂದು ಕಡೆ ಖಾಡಿಯ ಕೆಸರು. ನಮ್ಮ ರೂಮಿಗೆ ಹೊರಗಿನ ಗಾಳಿ ಎಳೆಯುವ ಕಿಂಡಿಯಂತೂ ತೆರೆದ ನಾಲೆಯ ಮೇಲೇ ಇತ್ತು.

ಪರೀಕ್ಷೆ ಸುಲಭ. ಶುದ್ಧ ಬೆಳ್ಳಿ, ತಾಮ್ರದ ಪಟ್ಟಿಗಳನ್ನು 30 ದಿನ ರೂಮಿನಲ್ಲಿ ನೇತುಹಾಕಿ ಲ್ಯಾಬಿಗೆ ಕಳಿಸೋದು. ಐಎಸ್‌ಎ 71.04 ಮಾನದಂಡದ ಜಿ1 ದರ್ಜೆಗೆ ತುಕ್ಕಿನ ಪದರ ತಿಂಗಳಿಗೆ ಬೆಳ್ಳಿ ಮೇಲೆ 200, ತಾಮ್ರದ ಮೇಲೆ 300 ಆಂಗ್‌ಸ್ಟ್ರಾಮ್ ದಾಟಬಾರದು. ನಮ್ಮ ಬೆಳ್ಳಿ ಪಟ್ಟಿ ಅದನ್ನು ಎಷ್ಟೋ ಪಟ್ಟು ದಾಟಿತ್ತು. ವಾಸನೆ ಇಲ್ಲ ಅಂತ ನಂಬಿ ಕೂರಬೇಡಿ. ಮೂಗಿಗೆ ಗೊತ್ತಾಗದಷ್ಟು ಇದ್ದರೂ ಬೆಳ್ಳಿಗೆ ಸಾಕು. ಧೂಳಿನ ಫಿಲ್ಟರ್ ಗ್ಯಾಸನ್ನು ತಡೆಯಲ್ಲ, ಆಕ್ಟಿವೇಟೆಡ್ ಕಾರ್ಬನ್‌ನಂಥ ಕೆಮಿಕಲ್ ಫಿಲ್ಟರೇ ಬೇಕು.

ಕಿಂಡಿ ಮುಚ್ಚಿಸಿ, ಫಿಲ್ಟರ್ ಹಾಕಿಸಿ, ಬೋರ್ಡ್, ರ‍್ಯಾಮ್ ಇನ್ನೊಮ್ಮೆ ಬದಲಾಯಿಸಿದ್ವಿ. ರೀಬೂಟ್ ನಿಂತಿತು. ಲ್ಯಾಬ್ ರಿಪೋರ್ಟ್ ಸಮೇತ ಎಚ್‌ಆರ್‌ಗೆ ಮೇಲ್ ಹಾಕಿ ಹುಡುಗನ ಅಪ್ರೈಸಲ್ ತಿದ್ದಿಸಿದೆ. ಅಷ್ಟು ಹೊತ್ತಿಗೆ ಅವನು ನೋಟಿಸ್ ಪೀರಿಯಡ್‌ನಲ್ಲಿದ್ದ.