ತೊರೆಯ ಪಾಚಿ: ನಿಜವೋ ಆಗಂತುವೋ

ಗಾಳ ಹಾಕಿ ಮೀನು ಹಿಡಿಯುವುದು ಜೀವನೋಪಾಯ ಮಾತ್ರವಲ್ಲ, ವಿನೋದವೂ ಹೌದೆಂಬುದನ್ನು ನಮ್ಮ ನಾಡಿನ ದೊರೆಯೊಬ್ಬನು ಶಾಸ್ತ್ರರೂಪವಾಗಿ ಹೇಳಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳ, ದಾರ ಇವುಗಳ ವಿಚಾರ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಇಂದು ಈ ವಿನೋದದ ನಿಯಮಗಳು ಗಾಳದಲ್ಲಿ ನಿಲ್ಲದೆ, ಕೆಲವು ದೇಶಗಳಲ್ಲಿ ಗಾಳಗಾರನ ಪಾದರಕ್ಷೆಯವರೆಗೂ ಇಳಿದಿರುವುವು. ಅದಕ್ಕೆ ಕಾರಣವಾದುದು ಒಂದು ಪಾಚಿ. ಅದನ್ನು ಕುರಿತ ಚರ್ಚೆಯಲ್ಲಿ ಒಂದು ವಿಶೇಷಣದ ಸರಿತಪ್ಪೇ ಶಾಸನದ ಸರಿತಪ್ಪಾಗಿ ಪರಿಣಮಿಸಿತಾದ್ದರಿಂದ, ವಿಷಯವು ಶಬ್ದಾರ್ಥಚಿಂತಕರಿಗೂ ಸಲ್ಲತಕ್ಕದ್ದೆಂದು ಭಾವಿಸಿ ಇಲ್ಲಿ ವಿವರಿಸಿರುವೆನು.

ಆ ಪಾಚಿಯ ಶಾಸ್ತ್ರೀಯ ನಾಮ ಡಿಡಿಮೋಸ್ಫೀನಿಯ ಜೆಮಿನೇಟ. ಗಾಳಗಾರರು ಅದನ್ನು ಡಿಡಿಮೋ ಎಂದು ಕರೆಯುವರು. ಗ್ರೀಕಿನಲ್ಲಿ ‘ಡಿಡಿಮೋಸ್’ ಎಂದರೆ ಅವಳಿ, ‘ಸ್ಫೀನ್’ ಎಂದರೆ ಬೆಣೆ. ಲ್ಯಾಟಿನ್ನಿನ ‘ಜೆಮಿನೇಟ’ಕ್ಕೂ ಅವಳಿಯಾದದ್ದೆಂದೇ ಅರ್ಥ. ಡೆನ್ಮಾರ್ಕಿನ ಲಿಂಗ್‌ಬೈ ಎಂಬ ಸಸ್ಯಜ್ಞನು 1819ರಲ್ಲಿ ಇದನ್ನು ಮೊದಲು ವರ್ಣಿಸಿದನು. ಅಮರಸಿಂಹನು ಪಾಚಿಗೆ ಹೇಳಿದ ಜಲನೀಲಿ, ಶೈವಾಲ, ಶೈವಲ ಎಂಬ ಮೂರು ಹೆಸರುಗಳಲ್ಲಿ ಮೊದಲನೆಯದು ಇದಕ್ಕೆ ಒಪ್ಪದು. ಏಕೆಂದರೆ ಇದು ನೀಲಿಯೂ ಅಲ್ಲ, ಹಸುರೂ ಅಲ್ಲ. ಸಿಲಿಕಾ ಕವಚವುಳ್ಳ ಏಕಕೋಶದ ಜೀವಿಯಿದು. ಉದ್ದ ಸುಮಾರು 0.1 ಮಿಲಿಮೀಟರ್. ಕೋಶವು ತನ್ನಿಂದ ಒಂದು ತೊಟ್ಟನ್ನು ಹೊರಡಿಸಿ ಕಲ್ಲಿಗೆ ಅಂಟಿಕೊಳ್ಳುವುದು. ಅಂತಹ ತೊಟ್ಟುಗಳು ಕೋಟಿಗಟ್ಟಲೆ ಹೆಣೆದುಕೊಂಡಾಗ ತೊರೆಯ ತಳವೆಲ್ಲ ಕಂದುಬಿಳುಪಿನ ಕಂಬಳಿ ಹೊದೆದಂತಾಗುವುದು. ಮುಟ್ಟಿದರೆ ಲೋಳೆಯಲ್ಲ, ನೆನೆದ ಉಣ್ಣೆಯ ಹಾಗಿರುವುದು. ಮೀನಿಗೆ ಆಹಾರವಾದ ಹುಳುಗಳ ಸಂತತಿಯು ಆ ಹೊದಿಕೆಯ ಕೆಳಗೆ ಮಾರ್ಪಡುವುದು.

2004ರ ಅಕ್ಟೋಬರಿನಲ್ಲಿ ನ್ಯೂಜೀಲಂಡಿನ ದಕ್ಷಿಣ ದ್ವೀಪದ ವಾಯಾವು ನದಿಯಲ್ಲಿ ಇದು ಕಾಣಿಸಿಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ ಆ ದ್ವೀಪವನ್ನೆಲ್ಲ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು. ‘ನೋಡು, ತೊಳೆ, ಒಣಗಿಸು’ ಎಂಬ ಮೂರು ವಿಧಿಗಳು ಹೊರಟವು. ಸಲಕರಣೆಯನ್ನು ನೂರಕ್ಕೆ 5 ಪಾಲು ಸಾಬೂನುದ್ರವ ಬೆರೆತ ನೀರಿನಲ್ಲಿಯಾಗಲಿ 60 ಡಿಗ್ರಿಯ ಬಿಸಿನೀರಿನಲ್ಲಿಯಾಗಲಿ ತೊಳೆಯಬೇಕು. ಇಲ್ಲವೆ, ಕೈಗೆ ಒದ್ದೆ ತಾಗದಂತೆ ಒಣಗಿದ ಮೇಲೂ 48 ಗಂಟೆ ಬಿಡಬೇಕೆಂದು ಆಗ ವಿಧಿಸಿದರು. ಆದರೆ ಜಾರುವ ಕಲ್ಲಿನ ಮೇಲೆ ನಿಲ್ಲುವುದಕ್ಕಾಗಿ ಗಾಳಗಾರರು ತೊಡುತ್ತಿದ್ದ ಬೂಟುಗಳಿಗೆ ಫೆಲ್ಟ್ ಎಂಬ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ ಅಟ್ಟೆ ಇರುತ್ತಿತ್ತು. ಅದು ನೀರನ್ನು ಹೀರಿ ಬಹುಕಾಲ ಒಣಗದೆ ಇರುವುದಷ್ಟೆ. ಆದಕಾರಣ 2008ರಲ್ಲಿ ಅಲ್ಲಿ ಫೆಲ್ಟ್ ಅಟ್ಟೆ ನಿಷಿದ್ಧವಾಯಿತು. ಅಮೆರಿಕದ ವರ್ಮಾಂಟ್ ಸಂಸ್ಥಾನವೂ 2011ರಲ್ಲಿ ಹಾಗೆಯೇ ಮಾಡಿತು.

ಇಲ್ಲಿ ನಮ್ಮ ವೈದ್ಯಶಾಸ್ತ್ರದ ಒಂದು ವಿಭಾಗವು ನೆನಪಿಗೆ ಬರುವುದು. ಚರಕನು ರೋಗಗಳನ್ನು ನಿಜವೆಂದೂ ಆಗಂತುವೆಂದೂ ಬೇರ್ಪಡಿಸುವನು. ಆಗಂತುವಿನಲ್ಲಿ ಹೊರಗಿನ ಪೆಟ್ಟಿನಿಂದ ವ್ಯಥೆ ಮೊದಲು, ದೋಷವೈಷಮ್ಯ ಆಮೇಲೆ. ನಿಜದಲ್ಲಿ ದೋಷವೈಷಮ್ಯ ಮೊದಲು, ವ್ಯಥೆ ಆಮೇಲೆ. ಶಾಸನ ಮಾಡಿದವರೆಲ್ಲರೂ ಈ ಪಾಚಿಯನ್ನು ಆಗಂತುವೆಂದೇ ಹಿಡಿದರು. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ 1980ರ ದಶಕದ ಕೊನೆಯಿಂದ ಇದರ ಹಬ್ಬುವಿಕೆಯನ್ನು ಕಂಡಿದ್ದ ಮ್ಯಾಕ್ಸ್ ಬಾತ್‌ವೆಲ್ ಎಂಬ ವಿದ್ವಾಂಸರು ಬ್ರಾಡ್ ಟೇಲರರೊಡನೆ 2014ರಲ್ಲಿ ಬೇರೆ ಪಕ್ಷವನ್ನು ಮಂಡಿಸಿದರು. ಉತ್ತರ ಅಮೆರಿಕದ ತೊರೆಗಳಲ್ಲಿ ಈ ಪಾಚಿ ಪೂರ್ವದಿಂದಲೂ ಇದ್ದದ್ದು; ಹಬ್ಬಿದ್ದು ಮಾತ್ರ ಹೊಸದು; ಹಬ್ಬಿಸಿದ್ದು ಬೂಟಲ್ಲ, ನೀರಿನಲ್ಲಿ ರಂಜಕವು ಕಡಮೆಯಾದದ್ದು ಎಂದು ಅವರ ವಾದ. ಲೀಟರಿಗೆ ಸುಮಾರು 2 ಮೈಕ್ರೋಗ್ರಾಮಿಗಿಂತ ರಂಜಕ ಇಳಿದರೆ ಕೋಶವು ವಿಭಾಗವಾಗುವುದನ್ನು ತಗ್ಗಿಸಿ ತೊಟ್ಟನ್ನೇ ಬೆಳೆಸತೊಡಗುವುದು. ಕೊಳಕು ನೀರಿನಲ್ಲಿ ಪಾಚಿಯೆಂಬ ನಮ್ಮ ರೂಢಿಯ ತಿಳಿವಳಿಕೆಗೆ ಇದು ತೀರ ವಿರುದ್ಧ. ತಿಳಿನೀರೇ ಇದಕ್ಕೆ ಪಥ್ಯ! ಈ ಪಕ್ಷವು ಬಲಗೊಂಡ ಮೇಲೆ, 2016ರಲ್ಲಿ, ವರ್ಮಾಂಟ್ ತನ್ನ ನಿಷೇಧವನ್ನು ಹಿಂತೆಗೆಯಿತು.

ಹಾಗಾದರೆ ನ್ಯೂಜೀಲಂಡಿನ ನಿಯಮವೂ ವ್ಯರ್ಥವೆ? ಅಲ್ಲವೆಂದೇ ನನ್ನ ಅಭಿಪ್ರಾಯ. ನೀರಿನ ರಾಸಾಯನಿಕ ಸ್ಥಿತಿಯನ್ನೂ ಪಾಚಿಯ ವಂಶದ್ರವ್ಯವನ್ನೂ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಶೋಧನೆಯು, ಅಲ್ಲಿ ಅದು ಈಚೆಗೆ ಹೊರಗಿನಿಂದಲೇ ಬಂದುದೆಂಬ ಪಕ್ಷವನ್ನು ಎತ್ತಿಹಿಡಿಯಿತು. ಬಂದ ಮೇಲೆ ಹಬ್ಬಿದ್ದು ಅಲ್ಲಿಯೂ ರಂಜಕದ ಕೊರತೆಯ ತೊರೆಗಳಲ್ಲಿಯೇ. ನಿಜವು ಆಗಂತುವನ್ನೂ ಆಗಂತುವು ನಿಜವನ್ನೂ ಅನುಸರಿಸಬಹುದೆಂದು ಚರಕನೇ ಒಪ್ಪಿರುವನಲ್ಲವೆ? ಮೇಲಾಗಿ ಒದ್ದೆ ಅಟ್ಟೆಯು ಹೊತ್ತುತರುವುದು ಒಂದೇ ಜೀವಿಯನ್ನಲ್ಲ. ನ್ಯೂಜೀಲಂಡಿನ ಸಣ್ಣ ಬಸವನಹುಳುವೊಂದು 1987ರಲ್ಲಿ ಅಮೆರಿಕದ ಸ್ನೇಕ್ ನದಿಯಲ್ಲಿ ಕಂಡುಬಂದು, ಅಲ್ಲಿಂದ ಪಶ್ಚಿಮದ ತೊರೆಗಳಿಗೆಲ್ಲ ಹರಡಿತು. ಇನ್ನೊಂದು ವಿನೋದವೆಂದರೆ, ನ್ಯೂಜೀಲಂಡಿನ ಗಾಳಗಾರರು ಯಾವುದಕ್ಕಾಗಿ ತೊರೆಗೆ ಇಳಿಯುವರೋ ಆ ಟ್ರೌಟ್ ಮೀನೂ 19ನೆಯ ಶತಮಾನದಲ್ಲಿ ಹೊರಗಿನಿಂದ ತಂದು ಬಿಟ್ಟದ್ದೇ.

ಕನ್ನಡದಲ್ಲಿ ಇದಕ್ಕೊಂದು ಹೆಸರು ಬೇಕಾದರೆ ‘ಅವಳಿಬೆಣೆ ಪಾಚಿ’ ಎನ್ನಬಹುದು. ಸಂಸ್ಕೃತವೇ ಬೇಕೆನ್ನುವವರು ‘ಯಮಳಕೀಲ ಶೈವಲ’ ಎನ್ನಲಿ. ‘ಆಗಂತುಕ ಪಾಚಿ’ ಎಂಬುದನ್ನು ಮಾತ್ರ ಹೆಸರಾಗಿ ಬಳಸಲಾಗದು. ಆ ವಿಶೇಷಣವು ವಾಯಾವು ನದಿಯನ್ನು ಹೇಳುವ ವಾಕ್ಯದಲ್ಲಿ ಸಲ್ಲುವುದು. ವ್ಯಾಂಕೂವರಿನ ತೊರೆಗಳನ್ನು ಹೇಳುವಲ್ಲಿ ಸಲ್ಲದು.